ಮೈಕ್‌ಸೆಟ್ ತಾತನ ಪ್ಲೇಟುಗಳು

ಅವರ ಬಲಗೈ ಕಿರುಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಮಿಕ್ಕವನ್ನೆಲ್ಲ ವಾರ ವಾರವೂ ಬ್ಲೇಡಿನಿಂದ ಮಟ್ಟಸವಾಗಿ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮುಟ್ಟುತ್ತಿರಲಿಲ್ಲ. ಕೊಬ್ಬರಿ ಚೂರಿನಂತೆ ಸ್ವಲ್ಪ ಬಾಗಿ, ಹಳದಿಗಟ್ಟಿ, ತುದಿಯಲ್ಲಿ ಚೂಪಾಗಿತ್ತು. ಯಾಕೆ ಬಿಟ್ಟಿದ್ದೀರಿ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಸಿಗುತ್ತಿತ್ತು. ನನಗೆ ಸಿಕ್ಕಿದ್ದು, "ಹರಕೆ ಕಣಮ್ಮ" ಎಂದು. ಒಳಗಿನಿಂದ ಅವರ ಹೆಂಡತಿ, "ಯಾವ ದೇವ್ರು ಉಗುರು ಕೇಳ್ತಾನೆ, ಸುಳ್ಳು ಹೇಳ್ಬ್ಯಾಡಿ" ಎಂದು ಕೂಗಿದ್ದರು. ಅದು ಅವರಿಗೆ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂಬುದು ನನಗೆ ಆಗ ಗೊತ್ತಾಗಲಿಲ್ಲ.

ಬೀದಿಯವರೆಲ್ಲ ಅವರನ್ನು ಮೈಕ್‌ಸೆಟ್ ತಾತ ಎನ್ನುತ್ತಿದ್ದರು. ಮಧುಗಿರಿಯಲ್ಲಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ಅಂಗಡಿಯ ಹಿಂದೆ ಮನೆ. ಹರೆಯದಲ್ಲಿ ಸುತ್ತಲಿನ ನಾಲ್ಕೂ ತಾಲ್ಲೂಕಿನ ಮದುವೆಗಳಿಗೆ ಮೈಕ್ ಕಟ್ಟಿದವರು ಅವರು. ಹಾರನ್ನುಗಳು ಬಸ್ಸಿನ ಟಾಪಿನ ಮೇಲೆ ಹೋಗುತ್ತಿದ್ದವಂತೆ, ಪ್ಲೇಟುಗಳ ಟ್ರಂಕು ಮಾತ್ರ ತೊಡೆಯ ಮೇಲೆ. ರೆಕಾರ್ಡು ಎಂದು ಅವರು ಯಾವತ್ತೂ ಅನ್ನಲಿಲ್ಲ, ಪ್ಲೇಟು ಎಂದೇ ಅನ್ನುತ್ತಿದ್ದರು. ಕೊರಟಗೆರೆಗೆ ಕನ್ನಡದ ಪ್ಲೇಟು. ಶಿರಾದ ನಿಕಾಹ್‌ಗಳಿಗೆ ಕವ್ವಾಲಿ. ಪಾವಗಡದ ಕಡೆ ತೆಲುಗು ಪ್ಲೇಟು ಹಾಕದಿದ್ದರೆ ಬೀಗರು ಊಟಕ್ಕೇ ಏಳುತ್ತಿರಲಿಲ್ಲವಂತೆ. "ನಂಗೆ ಮೂರು ಭಾಷೇಲಿ ಹಾಡು ಗೊತ್ತು ಟೀಚರಮ್ಮ, ಜಗಳ ಆಡಕ್ಕೆ ಮಾತ್ರ ಒಂದ್ರಾಗೂ ಬರಲ್ಲ" ಎನ್ನುತ್ತಿದ್ದರು. ಮದಲೂರು ಕೆರೆ ಕೋಡಿ ಬಿದ್ದ ವರ್ಷ ಏರಿಯ ಮೇಲೆ ಹಾರನ್ ಕಟ್ಟಿ ಹಾಡು ಹಾಕಿದ್ದು, ಆಚೆ ದಡದವರು ಅಲ್ಲೇ ನಿಂತು ಕುಣಿದದ್ದು, ಈ ಕಥೆಯನ್ನು ಹೊಸಬರು ಯಾರೇ ಬಂದರೂ ಹೇಳುವರು. ಸಲಸಲಕ್ಕೂ ಕುಣಿದವರ ಸಂಖ್ಯೆ ಹೆಚ್ಚುತ್ತಿತ್ತು.

ಆಮೇಲೆ ಬಂದ ಕ್ಯಾಸೆಟ್ಟನ್ನಾಗಲಿ, ಸೀಡಿಯನ್ನಾಗಲಿ ಅವರು ಬೈದದ್ದನ್ನು ನಾನು ಕೇಳಿಲ್ಲ. ಕ್ಯಾಸೆಟ್ಟಿನ ಕಾಲದಲ್ಲೇ ಮನೆಗೆ ತಾರಸಿ ಹಾಕಿಸಿದ್ದು ಎಂದು ಕೃತಜ್ಞತೆಯಿಂದ ಹೇಳುತ್ತಿದ್ದರು. ಪೆನ್‌ಡ್ರೈವ್ ಬಂದಾಗ, "ಬೆನ್ನಿಗೆ ಒಳ್ಳೇದಾಯ್ತು ಬುಡು. ಆ ಟ್ರಂಕು ಹೊತ್ತೂ ಹೊತ್ತೂ ನಂದು ಬಿಲ್ಲಾಗೈತೆ" ಅಂದರಂತೆ. ಆದರೂ ಪ್ಲೇಟುಗಳನ್ನು ಗುಜರಿಗೆ ಹಾಕಲಿಲ್ಲ. ಗೋಡೆಯುದ್ದಕ್ಕೂ ಹಲಗೆ ಹೊಡೆಸಿ ಪುಸ್ತಕದ ಹಾಗೆ ನಿಲ್ಲಿಸಿದ್ದರು.

ಹಾರನ್ನಿನ ಪಕ್ಕದಲ್ಲೇ ಒಂದು ಆಯುಷ್ಯ ಕಳೆದದ್ದರಿಂದ ಅವರ ಕಿವಿ ಹೋಗಿತ್ತು. ಅದನ್ನು ಮುಚ್ಚಿಡುವುದರಲ್ಲಿ ಗಂಡಹೆಂಡಿರು ನುರಿತಿದ್ದರು. ಗಿರಾಕಿ ಕೇಳಿದ್ದನ್ನು ಅಜ್ಜಿ ಹಿಂದಿನಿಂದ ಇನ್ನೊಂದು ಸಲ ಬಾಯಿ ಅಗಲಿಸಿ ಹೇಳುವರು, ತಾತ ತುಟಿ ನೋಡಿ ಉತ್ತರ ಕೊಡುವರು. ಯಾರೂ ಇಲ್ಲದಾಗ ಎಲ್ಲಕ್ಕೂ "ಊಂ, ಸರಿ" ಅನ್ನುವರು. ಹಾಗೆ ಊಂ ಅಂದು ಒಮ್ಮೆ ಒಂದೇ ದಿನಕ್ಕೆ ಇಬ್ಬರಿಗೆ ಮೈಕ್ ಒಪ್ಪಿಕೊಂಡುಬಿಟ್ಟಿದ್ದರು.

ನಾನು ಐ.ಡಿ.ಹಳ್ಳಿಯ ಶಾಲೆಯಲ್ಲಿ ಟೀಚರು. ಮಗಳು ಮಧುಗಿರಿಯಲ್ಲೇ ಮೂರನೇ ಕ್ಲಾಸು. ಅವಳ ಶಾಲೆ ಬಿಟ್ಟ ಮೇಲೆ ನನ್ನ ಬಸ್ಸು ಬರುವವರೆಗೂ ಅವಳು ಅಜ್ಜಿಯ ಹತ್ತಿರ ಇರುತ್ತಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಮಂದ. ತುಮಕೂರಿನಲ್ಲಿ ತೋರಿಸಿ ಕಿವಿಗೆ ಮೆಷಿನ್ ಹಾಕಿಸಿದ್ದೆವು. ಶಾಲೆಯಲ್ಲಿ ಯಾರೋ "ಮೆಷಿನ್ನು" ಎಂದು ಹೆಸರಿಟ್ಟರು. ಅಂದಿನಿಂದ ಬೆಳಿಗ್ಗೆ ನಾನು ಹಾಕಿ ಕಳಿಸುವುದು, ಅವಳು ಬೀದಿ ತಿರುಗಿದ ಮೇಲೆ ಕಿತ್ತು ಜಾಮಿಟ್ರಿ ಡಬ್ಬಿಯೊಳಗೆ ಇಡುವುದು. ಕೂದಲು ಬಿಟ್ಟುಕೊಂಡು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಬೈದೆ, ಬೇಡಿಕೊಂಡೆ, ಒಂದು ದಿನ ಹೊಡೆದೂ ಬಿಟ್ಟೆ. ಪಾಠ ಕೇಳಿಸದೆ ಅವಳು ಕ್ಲಾಸಿನಲ್ಲಿ ಹಿಂದೆ ಬೀಳುವುದು ನನಗೆ ಕಾಣುತ್ತಿತ್ತು. ಟೀಚರಾಗಿ ಬೇರೆಯವರ ಮಕ್ಕಳಿಗೆ ಕಲಿಸುತ್ತೇನೆ, ನನ್ನದಕ್ಕೆ ಆಗುತ್ತಿಲ್ಲವಲ್ಲ ಎಂದು ಬಸ್ಸಿನಲ್ಲಿ ಕೂತು ಅತ್ತದ್ದುಂಟು.

ಒಂದು ಸಂಜೆ ಬಸ್ಸಿಳಿದು ಬಂದರೆ ತಾತನ ಅಂಗಡಿಯಲ್ಲಿ ವಿಚಿತ್ರ ನೋಟ. ಸ್ಪೀಕರ್ ಪೆಟ್ಟಿಗೆಯ ಮೇಲೆ ಹತ್ತಿಯ ಹಾಸಿಗೆ ಹೊದಿಸಿದೆ. ಒಳಗೆ ಹಾಡು ಗುಂಯ್‌ಗುಡುತ್ತಿದೆ. ತಾತನೂ ನನ್ನ ಮಗಳೂ ಹಾಸಿಗೆಯ ಕೆಳಗೆ ಕೈ ತೂರಿಸಿ, ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಣ್ಣುಮುಚ್ಚಿ ಕೂತಿದ್ದಾರೆ.

"ಏನಜ್ಜಿ ಇದು?" ಅಂದೆ.

"ಹಾಡು ಕೇಳ್ತಾವ್ರೆ" ಎಂದರು ಅಜ್ಜಿ. "ಇವ್ರಿಬ್ರಿಗೂ ಅಂಗೈಗೆ ಸಿಕ್ರೆ ಸಾಕು, ಬೀದಿಗೆಲ್ಲಾ ಯಾಕೆ? ಪಕ್ಕದ್ ಮನೆಯೋರು ಬಂದು ಬೈದೋದ್ರು. ಅದಕ್ಕೇ ಹಾಸಿಗೆ ಹಾಕ್ಬುಟ್ಟೆ."

ಅವತ್ತೇ ಉಗುರಿನ ಗುಟ್ಟೂ ತಿಳಿಯಿತು. ಗೀರು ಬಿದ್ದು ಕೆಟ್ಟ ಪ್ಲೇಟೊಂದನ್ನು ತಾತ ತಿರುಗಲು ಬಿಟ್ಟರು. ಮುಳ್ಳನ್ನು ಇಳಿಸದೆ, ತಮ್ಮ ಕಿರುಬೆರಳ ಉಗುರಿನ ತುದಿಯನ್ನು ಗೆರೆಯೊಳಗೆ ಹಗುರಾಗಿ ಇಟ್ಟರು. ನಾನು ಬಗ್ಗಿ ಕಿವಿಗೊಟ್ಟೆ. ಉಗುರಿನಿಂದಲೇ ಹಾಡು ಬರುತ್ತಿತ್ತು, ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ. ಅವರಿಗೆ ಆ ಸೊಳ್ಳೆ ದನಿಯೂ ಬೇಕಿರಲಿಲ್ಲ.

"ಮೂಳೆಗೆ ಬರ್ತೈತೆ ಕಣಮ್ಮ, ಮೊಳಕೈ ಗಂಟ" ಎಂದರು. "ಸೀಡಿ ಮ್ಯಾಲೆ ಉಗುರು ಇಟ್ರೆ ಗೀರಾಯ್ತದೆ ಅಷ್ಟೆ. ಪೆನ್‌ಡ್ರೈವ್ ಹಿಸುಕಿದ್ರೆ ಏನ್ ಸಿಕ್ತದೆ? ಇದ್ರಾಗಾದ್ರೆ ಹಾಡು ಕೈಗೆ ಸಿಗೋ ಹಂಗೆ ಐತೆ." ಪ್ಲೇಟನ್ನು ಬಾಗಿಲ ಬಿಸಿಲಿಗೆ ಓರೆಯಾಗಿ ಹಿಡಿದು ಮಗಳಿಗೆ ತೋರಿಸಿದರು. ವಾದ್ಯಗಳೆಲ್ಲ ಒಟ್ಟಿಗೆ ಎದ್ದ ಕಡೆ ಗೆರೆಗಳು ಒರಟಾಗಿ ಮಿನುಗುತ್ತಿದ್ದವು, ಹಾಡುವವರು ದನಿ ಇಳಿಸಿದ ಕಡೆ ನುಣ್ಣಗೆ ಕಪ್ಪಾಗಿದ್ದವು. ಮಗಳು ಬೆರಳಿಟ್ಟು, "ಇಲ್ಲಿ ಜೋರು, ಇಲ್ಲಿ ಮೆತ್ತಗೆ" ಎಂದು ಹೇಳುತ್ತ ಹೋದಳು. ಅವಳು ಹಾಡಿನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ದಿನಗಳಲ್ಲೇ ಪ್ಲೇಟಿಗೆ ಮತ್ತೆ ಕಾಲ ಬಂತು. ವಾರದ ಕೊನೆಗೆ ಬೆಟ್ಟ ಹತ್ತಲು ಬರುವ ಹುಡುಗ ಹುಡುಗಿಯರು ಅಂಗಡಿಯ ಮುಂದೆ ನಿಂತು ಬಿಡುತ್ತಿದ್ದರು. ಸಿದ್ದರಬೆಟ್ಟ ಮುಗಿಸಿ, ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಬರುವವರೂ ಇದ್ದರು. ಹೊಸ ಸಿನಿಮಾದ ಹಾಡುಗಳೂ ಈಗ ಪ್ಲೇಟಿನಲ್ಲಿ ಬರುತ್ತಿವೆ ಎಂದು ಅವರೇ ತಾತನಿಗೆ ತೋರಿಸಿದರು. ತಾತ ಆ ಹೊಸ ಪ್ಲೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸತ್ತೋನು ಎದ್ದು ಬಂದು ಮುದ್ದೆ ಇಕ್ಕು ಅಂದಂಗಾಯ್ತು" ಎಂದರು.

ಒಬ್ಬ ಹುಡುಗನನ್ನು ಅವರು ಕೇಳಿಯೂ ಕೇಳಿದರು. "ನಿನ್ ಫೋನ್ನಾಗೆ ಎಲ್ಲಾ ಹಾಡೂ ಐತಲ್ಲಪ್ಪ, ಇದ್ಯಾಕೆ?"

"ಫೋನಲ್ಲಿ ಒಂದನ್ನೂ ಪೂರ್ತಿ ಕೇಳಲ್ಲ ತಾತ. ಅರ್ಧಕ್ಕೇ ಬದಲಾಯಿಸ್ತೀನಿ. ಇದಾದ್ರೆ ಎದ್ದು ಬರಬೇಕಲ್ಲ, ಸೋಮಾರಿತನಕ್ಕಾದ್ರೂ ಪೂರ್ತಿ ಕೇಳ್ತೀನಿ."

ಅಜ್ಜಿ ಬಾಯಿ ಅಗಲಿಸಿ ಅದನ್ನು ದಾಟಿಸಿದರು. ತಾತ ತೊಡೆ ತಟ್ಟಿಕೊಂಡು ನಕ್ಕರು. ಆ ಹುಡುಗನಿಗೆ ತಮಗಿಷ್ಟವಾದ ಪ್ಲೇಟನ್ನೇ ಕೊಟ್ಟು ಕಳಿಸಿದರು.

ಹಾಗೆ ಬರುತ್ತಿದ್ದವರಲ್ಲಿ ಕೊರಟಗೆರೆಯ ಹುಡುಗಿಯೊಬ್ಬಳು ತನ್ನ ಮದುವೆಗೆ ತಾತನೇ ಬಂದು ಪ್ಲೇಟು ಹಾಕಬೇಕು ಎಂದು ಹಟ ಹಿಡಿದಳು. ಡೀಜೆ ಹೇಗೂ ಇರುತ್ತದೆ, ಊಟದ ಹೊತ್ತಿಗೆ ಮಾತ್ರ ಹಳೆಯ ಹಾಡು, ಹಳೆಯ ಹಾರನ್ನು. ತಾತ ಮೈಕ್ ಕಟ್ಟಿ ವರ್ಷಗಳಾಗಿದ್ದವು. ಅಜ್ಜಿ ಬೇಡ ಎಂದು ಸನ್ನೆ ಮಾಡುತ್ತಲೇ ಇದ್ದರು. ತಾತ ಆ ಕಡೆ ನೋಡಲೇ ಇಲ್ಲ. "ಊಂ, ಸರಿ" ಅಂದುಬಿಟ್ಟರು.

ಅಜ್ಜಿ ಮನೆಯಲ್ಲೇ ಉಳಿದರು. ಮದುವೆ ಭಾನುವಾರವಾದ್ದರಿಂದ ನಾನೂ ಮಗಳೂ ಜೊತೆಗೆ ಹೋದೆವು. ತಾತ ಜರಿಯಂಚಿನ ಶಲ್ಯ ಹೊದ್ದು, ವಿಭೂತಿ ಧರಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿದ ಹಾರನ್ನು ಕಟ್ಟಿಸಿ, ಛತ್ರದ ಒಂದು ಮೂಲೆಯಲ್ಲಿ ಮದುಮಗನಿಗಿಂತ ಠೀವಿಯಿಂದ ಕೂತರು. ಮಗಳು ಪಕ್ಕದಲ್ಲಿ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಹಾಡು ಎಲ್ಲಿಗೆ ಬಂತು ಎಂಬುದನ್ನು ತಾತ ಮುಳ್ಳಿನ ಕೈ ಒಳಗೊಳಗೆ ಸರಿಯುವುದನ್ನು ನೋಡಿ ತಿಳಿಯುತ್ತಿದ್ದರು. ಮೊದಲ ಪ್ಲೇಟುಗಳು ಚೆನ್ನಾಗಿಯೇ ಹೋದವು. ವಯಸ್ಸಾದವರು ಎಲೆಯ ಮುಂದೆ ತಲೆದೂಗಿದರು. ಆಗ ಮದುಮಗಳ ಅಜ್ಜ ಬಂದು, "ನನ್ ಮದ್ವೆಗೂ ನೀನೇ ಕಣಯ್ಯ ಮೈಕು ಕಟ್ಟಿದ್ದು!" ಎಂದು ತಾತನ ಕೈ ಹಿಡಿದುಕೊಂಡರು. ತಾತ ಅವರ ತುಟಿ ನೋಡುತ್ತ ಮಾತಿಗೆ ಕೂತರು. ಮುಳ್ಳಿನ ಕಡೆ ನೋಡುವುದು ತಪ್ಪಿತು.

ಪ್ಲೇಟು ಸಿಕ್ಕಿಕೊಂಡಿತು. ಹಾಡುಗಾರ "ಬಾ" ಎಂದವನು "ಬಾ, ಬಾ, ಬಾ" ಎನ್ನುತ್ತಲೇ ಇದ್ದ. ಊಟದ ಪಂಕ್ತಿಯಿಂದ ಯಾರೋ, "ಬತ್ತೀವಿ ತಡೀಲಾ, ಪಾಯಸ ಐತೆ!" ಎಂದು ಕೂಗಿದರು. ಛತ್ರವೆಲ್ಲ ನಕ್ಕಿತು. ತಾತ ಅಜ್ಜನ ಜೊತೆ ನಗುನಗುತ್ತ ಮಾತಾಡುತ್ತಲೇ ಇದ್ದರು. ಡೀಜೆಯ ಹುಡುಗರು ಫೋನ್ ತೆಗೆದು ವಿಡಿಯೊ ಹಿಡಿಯತೊಡಗಿದರು. ನಾನು ಬಡಿಸುವವರ ನಡುವೆ ದಾರಿ ಮಾಡಿಕೊಂಡು ಓಡಿದೆ.

ನನಗಿಂತ ಮೊದಲು ಮಗಳಿಗೆ ಗೊತ್ತಾಗಿತ್ತು. ಅಂಗೈಗೆ ಒಂದೇ ಏಟು ಮತ್ತೆ ಮತ್ತೆ ಬಡಿಯುತ್ತಿದ್ದುದನ್ನು ಹಿಡಿದು, ಅದೇ ಏಟನ್ನು ತಾತನ ತೊಡೆಯ ಮೇಲೆ ಬಡಿದು ತೋರಿಸಿದಳು. ತಾತ ತಿರುಗಿ ಮುಳ್ಳನ್ನು ನೋಡಿದರು. ಎತ್ತಿದರು. ಆಮೇಲೆ ತಲೆಯೆತ್ತಿ ಜನರನ್ನು ನೋಡಿದರು. ಎಲ್ಲರೂ ನಗುತ್ತಿದ್ದರು. ಎಷ್ಟು ಹೊತ್ತಿನಿಂದ ನಗುತ್ತಿದ್ದಾರೆ ಎಂಬುದು ಅವರಿಗೆ ತಿಳಿಯದು. ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಎದ್ದು ಹೊರಟೇಬಿಡುತ್ತಾರೆ ಅಂದುಕೊಂಡೆ.

ಅವರು ಮೈಕು ಕೈಗೆತ್ತಿಕೊಂಡರು.

"ನೋಡ್ರಪ್ಪಾ, ನಂಗೆ ಕಿವಿ ಕೇಳ್ಸಲ್ಲ. ಈ ಪುಟ್ಟಿಗೂ ಅಷ್ಟಕ್ಕಷ್ಟೆ. ನಾವಿಬ್ರೂ ಸೇರ್ಕೊಂಡು ನಿಮಗೆ ಹಾಡು ಕೇಳಿಸ್ತಾ ಇದೀವಿ. ತಪ್ಪಾದ್ರೆ ಕೂಗಿ ಹೇಳಿ. ಜೋರಾಗಿ ಕೂಗಬೇಕು."

ಅಷ್ಟು ವರ್ಷ ಬಚ್ಚಿಟ್ಟದ್ದನ್ನು ಆ ಮನುಷ್ಯ ಹಾರನ್ನಿನಲ್ಲಿ ಊರಿಗೆಲ್ಲ ಹೇಳಿಬಿಟ್ಟಿದ್ದರು. ಮಗಳ ವಿಷಯವನ್ನೂ ಹೇಳಿದರಲ್ಲ ಎಂದು ಗಾಬರಿಯಿಂದ ಅವಳತ್ತ ನೋಡಿದರೆ ಅವಳು ಹಲ್ಲು ಕಿಸಿಯುತ್ತ, ಮುಂದಿನ ಪ್ಲೇಟನ್ನು ಕವರಿನಿಂದ ಈಚೆಗೆ ಎಳೆಯುತ್ತಿದ್ದಳು. ಆಮೇಲೆ ಹಾಡು ಮುಗಿದಾಗಲೆಲ್ಲ ಪಂಕ್ತಿಯವರು ಎಲೆ ಬಿಟ್ಟು ಕೈಯೆತ್ತಿ, "ಸರೀಗೈತೆ ತಾತಾ!" ಎಂದು ಕಿರುಚುತ್ತಿದ್ದರು. ಮದುಮಗಳು ಬಾಸಿಂಗದೊಂದಿಗೇ ಬಂದು ಮಗಳ ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಒಂದು ಹಾಡು ಪೂರ್ತಿ ಕೂತಳು.

ಮಾರನೆಯ ವಾರ ತಾತ ತಾವಾಗಿಯೇ, "ತುಮಕೂರಿಗೆ ಕರ್ಕೊಂಡೋಗಮ್ಮ, ಆ ಮೆಷಿನ್ ನಂಗೂ ಒಂದು ಕೊಡಿಸು" ಎಂದರು. ಕೊಡಿಸಿಕೊಂಡು ಬಂದ ಸಂಜೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಮಗಳ ಮುಂದೆ ಕೂತರು.

"ಲೇ ಪುಟ್ಟಿ, ನೋಡಿಲ್ಲಿ. ನೀನು ಹಾಕ್ಕೊಂಡ್ರೆ ನಾನೂ ಹಾಕ್ಕೊಂತೀನಿ. ನೀನು ಕಿತ್ರೆ ನಾನೂ ಕೀಳ್ತೀನಿ. ಆಮ್ಯಾಕೆ ಈ ಮುದುಕಂಗೆ ಯಾವ್ದಾದ್ರೂ ಲಾರಿ ಗುದ್ದಿದ್ರೆ ಪಾಪ ನಿಂದೇ."

ಮಗಳು ಒಳಗೆ ಹೋಗಿ ಜಾಮಿಟ್ರಿ ಡಬ್ಬಿ ತಂದಳು.

ಅಲ್ಲಿಂದ ನನ್ನ ಮನೆಯಲ್ಲಿ ಬೆಳಗಿನ ಜಗಳ ನಿಂತಿತು. ದಿನಾ ಸಂಜೆ ಅವಳು ಹೋಗಿ ಮೊದಲು ಅವರ ಕಿವಿ ನೋಡುವಳು, ಅವರು ಅವಳ ಕಿವಿ ನೋಡುವರು. "ಸೆಲ್ ಐತಾ?" "ಐತೆ." "ನಿಂದು?" "ಐತೆ." ಪ್ಲೇಟು ಹಾಕುವುದು ಅದಾದ ಮೇಲೆಯೇ. ನಾಲ್ಕನೇ ಕ್ಲಾಸಿನಲ್ಲಿ ಅವಳ ಟೀಚರು ಕರೆಸಿ, ಹುಡುಗಿ ಮುಂದಿನ ಬೆಂಚಿಗೆ ತಾನೇ ಬಂದು ಕೂತಿದ್ದಾಳೆ ಎಂದು ಹೇಳಿದಾಗ ನಾನು ನೇರವಾಗಿ ತಾತನ ಅಂಗಡಿಗೆ ಹೋಗಿ ಕಾಲಿಗೆ ಬಿದ್ದೆ. "ಏನಾಯ್ತಮ್ಮ, ಏನ್ ಕಳ್ಕೊಂಡೆ?" ಎಂದು ಅವರೂ ನನ್ನ ಜೊತೆ ನೆಲ ಹುಡುಕಿದರು.

ಅವರು ಹೋಗಿ ಈಗ ಕೆಲವು ವರ್ಷಗಳಾದವು. ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಕೊರಟಗೆರೆಯ ಹುಡುಗಿ, ಬೆಟ್ಟಕ್ಕೆ ಬರುತ್ತಿದ್ದ ಹುಡುಗರು, ಎಲ್ಲರೂ ಬಂದಿದ್ದರು. ಪ್ಲೇಟುಗಳನ್ನು ಕೇಳುವವರಿಗೇ ಕೊಡಬೇಕು, ಗೋಡೆಗೆ ನೇತುಹಾಕುವವರಿಗೆ ಬೇಡ ಎಂದು ಅವರು ಹೇಳಿದ್ದರಂತೆ. ಅಜ್ಜಿ ಹಾಗೆಯೇ ಮಾಡಿದರು.

ವರ್ಷದ ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ಅಜ್ಜಿಯೂ ನಾನೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಮಾತಿನ ನಡುವೆ ಅಜ್ಜಿ ಹೇಳಿದರು:

"ಆ ಮೆಷಿನ್ ಅವ್ರಿಗೆ ಒಂದಿನಾನೂ ಒಗ್ಗಲಿಲ್ಲ ಕಣಮ್ಮ. ತಲೆ ಸಿಡೀತೈತೆ ಅನ್ನೋರು. ಪ್ಲೇಟು ಹಾಕಿದ್ರೆ ತಗಡು ಬಡ್ದಂಗೆ ಕೇಳ್ತೈತೆ, ಕೈಗೆ ಸಿಗ್ತಿದ್ದ ಹಾಡ್ನೂ ಕೆಡಿಸ್ಬುಡ್ತು ಅನ್ನೋರು. ಪುಟ್ಟಿ ಬರೋ ಹೊತ್ತಿಗೆ ಹಾಕ್ಕೊಂಡು ಕೂತ್ಕೊಳ್ಳೋರು. ನೀನು ಕರ್ಕೊಂಡು ರಸ್ತೆ ದಾಟಿದ್ ಮ್ಯಾಕೆ ತೆಗೆದು ಹಣೆ ಒತ್ಕೊಳ್ಳೋರು. ಯಾರಿಗೂ ಹೇಳ್ಬ್ಯಾಡ ಅಂದಿದ್ರು."

ಅಷ್ಟು ವರ್ಷ ಅವರ ಸಂಜೆಯ ಹಾಡನ್ನು ನಾವು ಅವರಿಂದ ತೆಗೆದುಕೊಂಡಿದ್ದೆವು. ಅವರು ಅದನ್ನು ನಗುತ್ತ ಕೊಟ್ಟಿದ್ದರು.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಕೂದಲನ್ನು ಮೇಲೆತ್ತಿ ಕಟ್ಟುತ್ತಾಳೆ. ಇದನ್ನು ಅವಳಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ತಡೆದು, ಕೊನೆಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತಮ್ಮ" ಅಂದಳು. "ಒಂದಿನ ನಮ್ಮ ಕಿಟಕಿಯಿಂದ ನೋಡಿದ್ದೆ, ತೆಗೆದು ಹಣೆ ಒತ್ಕೊಳ್ತಿದ್ರು."

"ಮತ್ತೆ ನೀನ್ಯಾಕೆ ಹಾಕ್ಕೊಳ್ಳೋದು ಬಿಡ್ಲಿಲ್ಲ?"

"ಬಿಟ್ರೆ ತಾತಂಗೆ ಗೊತ್ತಾಗ್ತಿತ್ತಲ್ಲ, ನಾನು ನೋಡ್ಬಿಟ್ಟೆ ಅಂತ."