ಭಾವನ ಹೊಸ ಟ್ಯೂನು

ಅವಳು ಹಗಲೆಲ್ಲ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಸಂಜೆ ಅಕ್ಕನ ಮನೆಯ ಹಜಾರದಲ್ಲಿ ಕೂತು, ಭಾವ ಕಟ್ಟಿದ ಟ್ಯೂನಿಗೆ ಮಾತು ಹೊಂದಿಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ನಡೆದುಬಂದ ಕೆಲಸ. ವಾದ್ಯದವರಿಗೆಲ್ಲ ಅವಳು ಮಾತಿನಕ್ಕ. ಆದರೆ ಭಾವ ಕೀಬೋರ್ಡಿನ ಮೇಲೆ ಬೆರಳಿಡದೆ ಅವಳಿಗೆ ಒಂದು ಸಾಲೂ ಹೊಳೆದದ್ದಿಲ್ಲ.

ಆ ಮಂಗಳವಾರ ಭಾವ, "ಕೇಳು, ನಿನ್ನೆ ಸ್ನಾನ ಮಾಡ್ತಿದ್ದಾಗ ಬಂತು," ಎಂದು ನುಡಿಸಿದರು. ಎರಡನೆಯ ಸಾಲಿಗೇ ಅವಳಿಗೆ ಗುರುತು ಸಿಕ್ಕಿತು. ಅದು ಒಂಬತ್ತು ವರ್ಷದ ಹಿಂದೆ ಅವರಿಬ್ಬರೇ ಮಾಡಿದ, ಬಸ್ಸಿನ ಕಂಡಕ್ಟರು ಕೂಡ ಗುನುಗುವ ಹಾಡು. ಭಾವ ತಮಾಷೆಯ ಮನುಷ್ಯ. ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದಳು. ನಗಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ ಭಾವ," ಅಂದಳು.

ಅಡುಗೆಮನೆಗೆ ಹೋಗಿ ಪಿಸುದನಿಯಲ್ಲಿ ಹೇಳಿದರೆ ಅಕ್ಕ ಕಿಡಿಕಾರಿದಳು. "ಅವರಿಗೆ ಏನೂ ಆಗಿಲ್ಲ. ನಿನ್ನ ನೆನಪು ಅಷ್ಟು ಜಾಸ್ತಿ ಇದ್ರೆ ನಿನ್ನ ಹತ್ರಾನೇ ಇಟ್ಕೋ!" ಹಾಗೆನ್ನುವಾಗ ಅಕ್ಕನ ತುಟಿ ನಡುಗಿತು. ಅಕ್ಕನಿಗೂ ಗೊತ್ತಿದೆ ಎಂದು ತಂಗಿಗೆ ಆಗಲೇ ಹೊಳೆಯಿತು.

ರೆಕಾರ್ಡಿಂಗ್ ಶುಕ್ರವಾರ. ಅಲ್ಲಿಯವರೆಗೆ ಊಟ ಸೇರಲಿಲ್ಲ. ಹೇಳಿದರೆ ಭಾವ ಕುಸಿಯುತ್ತಾರೆ. ಹೇಳದಿದ್ದರೆ ಪಿಟೀಲಿನವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ಇದರ ಜೊತೆಗೆ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಇನ್ನೊಂದು ಭಯ: ಇವರ ತಲೆಯಿಂದ ಟ್ಯೂನು ಹೋದರೆ ನನ್ನ ಗತಿಯೇನು?

ಸ್ಟುಡಿಯೋ ಮೆಟ್ಟಿಲಲ್ಲಿ ಭಾವನ ತೋಳು ಹಿಡಿದು ನಿಲ್ಲಿಸಿದಳು. "ಭಾವ, ಇದನ್ನ ನಾವು ಆಗಲೇ ಮಾಡಿದೀವಿ." ಹಳೆಯ ಪಲ್ಲವಿಯನ್ನು ಮೆಲ್ಲಗೆ ಹಾಡಿದಳು.

ಭಾವ ಗೋಡೆ ಹಿಡಿದು ಮೆಟ್ಟಿಲ ಮೇಲೇ ಕೂತರು. "ನಂಗೂ ಅನುಮಾನ ಇತ್ತು ಕಣೇ. ಅದಕ್ಕೇ ನಿನ್ನ ಮುಂದೆ ನುಡಿಸಿದ್ದು. ನೀನು ಚೆನ್ನಾಗಿದೆ ಅಂದೆ. ಸದ್ಯ, ತಲೆ ನೆಟ್ಟಗಿದೆ ಅಂತ ಮೂರು ದಿನ ನೆಮ್ಮದಿಯಾಗಿದ್ದೆ."

ಅವಳು ಒಳಗೆ ಹೋಗಿ, ಭಾವನಿಗೆ ಜ್ವರ ಎಂದು ಸುಳ್ಳು ಹೇಳಿ ಎಲ್ಲರನ್ನೂ ಕಳಿಸಿದಳು. ಮರುವಾರ ಭಾವನನ್ನು ಆಸ್ಪತ್ರೆಗೆ ಕರೆದೊಯ್ದಳು. ಮರೆವಿನ ಕಾಯಿಲೆ, ಇನ್ನೂ ಶುರುವಿನಲ್ಲಿದೆ ಎಂದರು ಡಾಕ್ಟರು. ಮನೆಗೆ ಬರುವಾಗ ಭಾವ ಅಂದರು: "ಇನ್ಮೇಲೆ ಹಳೇದಾದ್ರೆ ಹಳೇದು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕು."

ಹೇಳಿದಳು. ನಾಲ್ಕು ಸಲ ಹೇಳಿದಳು. ಪ್ರತಿ ಸಲವೂ ಅವರ ಮುಖ ಸಣ್ಣದಾಗುವುದನ್ನು ನೋಡಿದಳು. ಐದನೆಯ ಟ್ಯೂನಿನ ಗುರುತೇ ಅವಳಿಗೆ ಸಿಗಲಿಲ್ಲ. ಇದು ಹೊಸದೋ, ಇಲ್ಲಾ ನನಗೂ ಮರೆತಿದೆಯೋ? ಅಕ್ಕನನ್ನು ಕೂಗಿದಳು. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು, ಎರಡು ಸಲ ನುಡಿಸಲು ಹೇಳಿ ಕೇಳಿಸಿಕೊಂಡಳು. "ನಾನಂತೂ ಕೇಳಿಲ್ಲ," ಎಂದು ಗಂಡನ ಪಕ್ಕದಲ್ಲೇ ಕೂತಳು.

ಆ ಹಾಡನ್ನು ಸ್ಟುಡಿಯೋದಲ್ಲಿ ಗಾಯಕಿ ಹಾಡಿ ಮುಗಿಸುವವರೆಗೂ ಮಾತಿನಕ್ಕ ಪಿಟೀಲಿನವರ ಮುಖಗಳನ್ನೇ ಒಂದೊಂದಾಗಿ ನೋಡುತ್ತ ನಿಂತಿದ್ದಳು. ಯಾರೂ ನಗಲಿಲ್ಲ.