ಹೆಗಲಿನಿಂದ ಕೆಳಗೆ

ದಾಸರಹಳ್ಳಿಯಲ್ಲಿ ಮೆಟ್ರೋ ಕಂಬಗಳು ಏಳುವುದಕ್ಕೆ ಮುಂಚಿನ ಮಾತು. ಹತ್ತೊಂಬತ್ತರ ಅಮೋಘ್ ಬಸ್ ಸ್ಟಾಪಿನ ಎದುರಿನ ಫೋಟೋ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದ. ಪೀಣ್ಯದ ಕಾರ್ಖಾನೆಗಳಿಗೆ ಹೊಸದಾಗಿ ಸೇರುವವರು ಗೇಟ್ ಪಾಸಿನ ಫೋಟೋಕ್ಕೆಂದು ದಿನಾ ಬಂದು ಸಾಲು ನಿಲ್ಲುತ್ತಿದ್ದರು. ಸ್ಟುಡಿಯೊದಲ್ಲಿ ಇದ್ದದ್ದು ಒಂದೇ ಕೋಟು. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ತೊಟ್ಟು, ಮದುವೆ ಗಂಡಿನ ಹಾಗೆ ಬಿಗಿದುಕೊಂಡು ಕೂರುತ್ತಿದ್ದ. ಮಾಲೀಕ ಚಿಕ್ಕಬೈರಪ್ಪ ಹೇಳಿಕೊಟ್ಟ ವಿದ್ಯೆ ಎರಡೇ: ಹೆಗಲಿನಿಂದ ಕೆಳಗಿನದನ್ನು ಕತ್ತರಿಸು, ಮುಖದ ಮೇಲಿನ ಕಲೆಯನ್ನು ಒರೆಸು.

ಅಮೋಘನಿಗೋ ಕತ್ತರಿಸಿ ಬಿಸಾಡುವ ಭಾಗದ ಮೇಲೇ ಕಣ್ಣು. ಗ್ರೀಸು ಇಳಿಯದ ಉಗುರು, ಬಿಸಿ ತಗಡಿನ ಚೂರು ಹಾರಿ ಚುಕ್ಕೆ ಚುಕ್ಕೆಯಾದ ಮುಂಗೈ, ಎಂಟು ಗಂಟೆ ನಿಂತು ಒಂದು ಕಡೆ ವಾಲಿದ ಸೊಂಟ. ಇಷ್ಟು ಚೆಂದದ್ದನ್ನೆಲ್ಲ ಯಾಕೆ ಕತ್ತರಿಸಬೇಕೋ ಅವನಿಗೆ ಅರ್ಥವಾಗುತ್ತಿರಲಿಲ್ಲ. ಗಂಡಸರ ಮೈಯನ್ನು ತಾನು ನೋಡುವ ರೀತಿ ಬೇರೆ ಎಂಬುದು ಮಾತ್ರ ಹೈಸ್ಕೂಲಿನಲ್ಲೇ ಅರ್ಥವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು, ಸ್ಟುಡಿಯೊದ ಮೇಲೊಂದು ಕೋಣೆ ಹಿಡಿದು, ಚಿಕ್ಕಬೈರಪ್ಪನ ವಿದ್ಯೆಯನ್ನು ತಲೆಕೆಳಗು ಮಾಡಿದ. ಹೆಗಲಿನಿಂದ ಮೇಲಿನದನ್ನು ಕತ್ತರಿಸಿದ, ಕಲೆಗಳನ್ನು ಹಾಗೇ ಬಿಟ್ಟ. ಭಾನುವಾರ ಆ ಕೋಣೆಗೆ ಬರುತ್ತಿದ್ದವರು ವೆಲ್ಡರು, ಪ್ಯಾಕಿಂಗಿನವರು, ಸೆಕ್ಯುರಿಟಿಯವರು. ಮನೆಯಲ್ಲಿ ಹೇಳಲಾಗದ್ದನ್ನು ಅವನ ಹಾಗೇ ನುಂಗಿಕೊಂಡಿದ್ದವರು. ಬಂದವರು ಗಟ್ಟಿ ಮಣಿಕಟ್ಟಿಗೆ ಹಸಿರು ಬಳೆ ಏರಿಸಿ, ಒಡೆದ ಹಿಮ್ಮಡಿಗೆ ಅರಿಶಿನ ಹಚ್ಚಿ, ರೋಮ ತುಂಬಿದ ಎದೆಗೆ ಕನಕಾಂಬರದ ಮಾಲೆ ಇಳಿಬಿಟ್ಟು ನಿಲ್ಲುತ್ತಿದ್ದರು. ಸೋಮವಾರ ಮತ್ತೆ ಮಷೀನಿನ ಮುಂದೆ. ಮುಖ ಇಲ್ಲದ ಮೇಲೆ ಯಾರು ಹಿಡಿದಾರು ಎಂಬ ಧೈರ್ಯ ಎಲ್ಲರಿಗೂ ಇತ್ತು.

ಆ ಫೋಟೋಗಳು ಮುಂಬೈಗೆ ಹೋದವು, ಕೋಲ್ಕತ್ತಕ್ಕೆ ಹೋದವು, ಇಂಗ್ಲಿಷ್ ಪತ್ರಿಕೆಗಳು ದೊಡ್ಡ ದೊಡ್ಡ ಮಾತಿನಲ್ಲಿ ಹೊಗಳಿದವು. ಮನೆಯಲ್ಲಿ ಮಾತ್ರ ಅವನು ಮದುವೆ ಫೋಟೋ ತೆಗೆಯುವವನು. ಅಮ್ಮ ವತ್ಸಲಾ, "ಮದುವೆ ಆರ್ಡರ್ ಎಂಗಿತ್ತೋ?" ಎಂದು ಕೇಳಿದರೆ ಇವನು, "ಚೆನ್ನಾಗಿತ್ತಮ್ಮ," ಎಂದು ಹೇಳಿ ಮುದ್ದೆ ಮುರಿಯುತ್ತಿದ್ದ. ಪಕ್ಕದಲ್ಲಿ ಅಂಬರೀಶ್ ತಲೆ ತಗ್ಗಿಸಿ ಬಸ್ಸಾರು ಹಾಕಿಕೊಳ್ಳುತ್ತಿದ್ದ.

ಈ ಅಂಬರೀಶ್ ಅತ್ತಿಬೆಲೆ ಕಡೆಯವನು. ಪೀಣ್ಯದಲ್ಲಿ ಸ್ಪ್ರಿಂಗು ಕಾಯಿಸಿ ಎಣ್ಣೆಯಲ್ಲಿ ಅದ್ದುವ ಕೆಲಸ. ಗೇಟ್ ಪಾಸಿನ ಫೋಟೋಕ್ಕೆ ಬಂದವನು ಅಮೋಘನ ಬದುಕಿಗೇ ಬಂದುಬಿಟ್ಟ. ಎಂಟು ವರ್ಷದಿಂದ ಭಾನುವಾರದ ಊಟ ಅವನಿಗೆ ಇದೇ ಮನೆಯಲ್ಲಿ. ಹೆಸರಿಗೆ ಸ್ನೇಹಿತ. ಅವನ ಊರಿನವರು ಸಂಬಂಧ ಕಡಿದುಕೊಂಡಿದ್ದರು, ಹಾಗಾಗಿ ಅವನಿಗೆ ಮನೆ ಎಂದು ಇದ್ದದ್ದು ಇದೊಂದೇ. ಆ ಬಾಗಿಲೂ ಮುಚ್ಚಿದರೆ ಗತಿಯೇನು ಎಂಬ ಭಯವನ್ನು ಅಮೋಘ್ ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಎರಡು ಸಾವಿರದ ಹದಿನೆಂಟರ ಸೆಪ್ಟೆಂಬರಿನಲ್ಲಿ, ಇಂಥ ಪ್ರೀತಿ ಅಪರಾಧವಲ್ಲ ಎಂದು ದೆಹಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕೋರ್ಟೇನೋ ಬಿಟ್ಟಿತು, ದಾಸರಹಳ್ಳಿ ಬಿಡಬೇಕಲ್ಲ! ಆದರೂ ಗೆಳೆಯರು ಹುರಿದುಂಬಿಸಿ, ಅಕ್ಟೋಬರಿನಲ್ಲಿ ಪೀಣ್ಯದ ಮುಚ್ಚಿಹೋದ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ ಪ್ರದರ್ಶನ ಇಡಿಸಿದರು. ಅಷ್ಟರಲ್ಲಿ ಕನ್ನಡ ಪತ್ರಿಕೆಯೊಂದು 'ದಾಸರಹಳ್ಳಿ ಹುಡುಗನ ಸಾಧನೆ' ಎಂದು ಹೆಸರು ಸಮೇತ ಅಚ್ಚು ಹಾಕಿಬಿಟ್ಟಿತು.

ಅಪ್ಪ ಪುಟ್ಟಣ್ಣ ಪತ್ರಿಕೆ ಮಡಚಿಟ್ಟು, "ಭಾನುವಾರ ನಾವೂ ಬರ್ತೀವಿ ಕಣೋ," ಎಂದರು.

ಅಮೋಘ್ ಕೋಣೆಗೆ ಓಡಿ ಅಂಬರೀಶನಿಗೆ ಫೋನ್ ಮಾಡಿದ.

"ನಾನು ಆ ಕಡೆ ತಲೆ ಹಾಕಲ್ಲ ಗುರು," ಎಂದ ಅಂಬರೀಶ್. "ಮುಖ ಇಲ್ವಲ್ಲ, ಅವರಿಗೆಲ್ಲಿ ಗೊತ್ತಾಗುತ್ತೆ?"

ಅಮೋಘನೂ ಅದನ್ನೇ ನಂಬಿದ. ಇಲ್ಲೇ ಎಡವಿದ್ದು. ಅಪ್ಪ ಯಾರೆಂಬುದನ್ನೇ ಮರೆತಿದ್ದ. ಪುಟ್ಟಣ್ಣ ಸರ್ಕಾರಿ ಗಡಿಯಾರ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಸವೆಸಿದವರು. ಕೂದಲೆಳೆಯಷ್ಟು ಗೀರು ನೋಡಿ, ಇದು ಯಾವ ಮಷೀನಿನಿಂದ ಬಂದ ಮಾಲು ಎಂದು ಹೇಳುತ್ತಿದ್ದ ಆಸಾಮಿ.

ಭಾನುವಾರ ಶೆಡ್ಡಿನಲ್ಲಿ ಪುಟ್ಟಣ್ಣ ಕನ್ನಡಕ ಒರೆಸಿಕೊಂಡು ಮೊದಲನೆಯ ಫೋಟೋದಿಂದ ಶುರು ಮಾಡಿದರು. ಒಂದನ್ನೂ ಬಿಡಲಿಲ್ಲ. ಬಳೆ ತೊಟ್ಟ ಕೈಯ ಮುಂದೆ ನಿಂತರು, ಅರಿಶಿನದ ಕಾಲಿನ ಮುಂದೆ ಬಗ್ಗಿದರು. ಮುಖದಲ್ಲಿ ಏನೂ ಕಾಣದು. ಅಮೋಘ್ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ.

ಕೊನೆಯ ಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ. ಒಂದೇ ಸೀರೆ ಹೊದ್ದು ಒಬ್ಬರಿಗೊಬ್ಬರು ಆತು ಕೂತ ಇಬ್ಬರು ಗಂಡಸರ ಬೆನ್ನು. ಸೀರೆ ಎಡಗಡೆಯವನ ಹೆಗಲಿನಿಂದ ಜಾರಿತ್ತು.

"ಲೋ!" ವತ್ಸಲಾ ಶೆಡ್ಡೆಲ್ಲ ಕೇಳುವ ಹಾಗೆ ಕೂಗಿದರು. "ಇದು ನನ್ನ ಪಾಚಿ ಬಣ್ಣದ ಸೀರೆ ಅಲ್ವೇನೋ? ಎರಡು ವರ್ಷದಿಂದ ಹುಡುಕ್ತಿದೀನಿ! ಪಕ್ಕದ್ಮನೆ ಧನಲಕ್ಷ್ಮಿ ಇಸ್ಕೊಂಡು ಕೊಟ್ಟಿಲ್ಲ ಅಂತ ಅವಳ ಹತ್ರ ಮಾತೇ ಬಿಟ್ಟಿದ್ದೆ!"

ಪುಟ್ಟಣ್ಣ ಸೀರೆ ನೋಡುತ್ತಿರಲಿಲ್ಲ. ಎಡಗಡೆಯ ಬೆನ್ನಿನ ಮೇಲೆ ಗೋಡಂಬಿ ಆಕಾರದ ಒಂದು ಸುಟ್ಟ ಕಲೆಯಿತ್ತು. ಅದನ್ನೇ ನೋಡುತ್ತಿದ್ದರು.

"ಅಂಬರೀಶಂದು," ಎಂದರು.

ಅಮೋಘ್ ಬಾಗಿಲ ಕಡೆ ತಿರುಗಿ ನೋಡಿದ.

"ಎಣ್ಣೆ ಸಿಡಿದಾಗ ನೀನು ಮುಂಬೈನಲ್ಲಿದ್ದೆ. ಬೆನ್ನು ಅವನ ಕೈಗೆ ಎಟಕ್ತಿರಲಿಲ್ಲ. ಒಂಬತ್ತು ದಿನ ಮುಲಾಮು ಹಚ್ಚಿದ್ದು ನಾನು. ನಂಗೆ ಗುರುತು ಸಿಗಲ್ವೇನೋ?" ಆಮೇಲೆ ಬಲಗಡೆಯ ಬೆನ್ನಿನತ್ತ ಗದ್ದ ಎತ್ತಿ, "ಈ ಬೆನ್ನು ಯಾರದು ಅಂತ ಹೆತ್ತ ನಿಮ್ಮಮ್ಮನ್ನ ಕೇಳಬೇಕಾಗಿಲ್ಲ," ಎಂದರು.

"ಅಪ್ಪ, ಅದು..."

"ಏನೂ ಹೇಳ್ಬೇಡ. ಎಂಟು ವರ್ಷದಿಂದ ಅವನ ತಟ್ಟೆಗೆ ತುಪ್ಪ ಹಾಕ್ತಿರೋದು ನೀನು. ನಿಂಗೆ ಸ್ನೇಹಿತರು ಬೇಕಾದಷ್ಟು ಜನ ಇದ್ದಾರೆ, ಯಾವನಿಗೆ ಹಾಕಿದೀಯ?" ಪುಟ್ಟಣ್ಣ ಕನ್ನಡಕ ತೆಗೆದು ಮತ್ತೆ ಒರೆಸಿಕೊಂಡರು. "ನೀನೇ ಹೇಳ್ತೀಯ ಅಂತ ಕಾದೆ ಕಣೋ. ಗೋಡೆ ಮೇಲೆ ನೋಡಿ ತಿಳ್ಕೋಬೇಕಾಯ್ತು."

ಅಮೋಘನಿಗೆ ಅಳು ನುಗ್ಗಿ ಬಂತು. ಮೂವತ್ಮೂರು ವರ್ಷದ ಗಂಡಸು, ಜನರ ನಡುವೆ, ಅಪ್ಪನ ಹೆಗಲಿಗೆ ಹಣೆ ಒತ್ತಿ ಬಿಕ್ಕಿದ. ವತ್ಸಲಾ ಸೆರಗಿನಿಂದ ಅವನ ಮೂಗು ಒರೆಸಿ, "ಊಟಕ್ಕೆ ಯಾಕೆ ಬರಲಿಲ್ಲ ಅವನು ಇವತ್ತು? ಫೋನ್ ಮಾಡು," ಎಂದರು.

ಮುಂದಿನ ತಿಂಗಳು ದೀಪಾವಳಿ. ಆ ಮನೆಯಲ್ಲಿ ಹಬ್ಬದ ಮೊದಲ ಎಣ್ಣೆ ಯಾವಾಗಲೂ ಅಮೋಘನದೇ, ಒಬ್ಬನೇ ಮಗ. ಮನೆಗೆ ಹೊಸ ಅಳಿಯ ಬಂದ ವರ್ಷ ಮಾತ್ರ ಆ ಸರದಿ ಅಳಿಯನಿಗೆ ಹೋಗುವುದು ಅವರ ಕಡೆಯ ಪದ್ಧತಿ. ಬೆಳಿಗ್ಗೆ ಅಮೋಘ್ ಅಭ್ಯಾಸಬಲದಿಂದ ಟವೆಲ್ ಸುತ್ತಿಕೊಂಡು ಹೋಗಿ ಮಣೆಯ ಮೇಲೆ ಕೂತ.

"ಏಳೋ," ಎಂದರು ವತ್ಸಲಾ. ಬಾಗಿಲಲ್ಲಿ ನಾಚಿಕೊಂಡು ನಿಂತಿದ್ದ ಅಂಬರೀಶನನ್ನು ಕೈಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದರು. ಹಣೆಗೆ ಕುಂಕುಮವಿಟ್ಟು, ನೆತ್ತಿಗೆ ಬೆಚ್ಚಗಿನ ಎಣ್ಣೆ ತಟ್ಟಿ, ಬೆನ್ನಿಗೆ ಇಳಿಸಿ ತಿಕ್ಕತೊಡಗಿದರು. ಬಿಸಿನೀರಿನ ಹಂಡೆಯ ಪಕ್ಕದಿಂದ ಪುಟ್ಟಣ್ಣ, "ಆ ಸುಟ್ಟಿರೋ ಜಾಗದಲ್ಲಿ ಮೆಲ್ಲಗೆ ಕಣೇ," ಎಂದರು.

ಅಮೋಘ್ ಚಳಿಗೆ ನಡುಗುತ್ತ, ಹಲ್ಲು ಕಿರಿಯುತ್ತ, ತನ್ನ ಸರದಿಗಾಗಿ ಗೋಡೆಗೆ ಒರಗಿ ನಿಂತ.