ಅತ್ತೆಯ ಕೈಯಲ್ಲಿ ದೊಡ್ಡ ಅಂಕಿ

ಹೋದ ತಿಂಗಳ ಒಂದು ಭಾನುವಾರ ನಾನು ಸೊಲ್ಲಾಪುರದ ಚಾದರ ವ್ಯಾಪಾರಿಯೊಬ್ಬರ ಪಡಸಾಲೆಯಲ್ಲಿ ಕೂತು, ಅವರ ಸೊಸೆ ಕಂಪ್ಯೂಟರ್ ಆಗುವುದನ್ನು ನೋಡಿದೆ. (ನಗಬೇಡಿ. ನಿಜವಾದ ಕಂಪ್ಯೂಟರ್ ಪುಣೆಯಲ್ಲಿದೆ. ನಮ್ಮೂರಿಗೆ ಬಂದಿರುವುದು ಅದರ ಸಂಜೆ ಕ್ಲಾಸು ಮಾತ್ರ.)

ದಿನವೆಲ್ಲ ಬ್ಯಾಂಕಿನಲ್ಲಿ ದುಡಿದು ಆ ಕ್ಲಾಸಿಗೆ ಹೋಗುವ ನನಗೆ ಬೆಂಚು ಕಂಡರೆ ಆಕಳಿಕೆ. ಪಕ್ಕದಲ್ಲಿ ಈ ಸೊಸೆ, ಸುವರ್ಣಾ. ತವರು ಅಕ್ಕಲಕೋಟೆ ಕಡೆಯ ಕುರನೂರ. ಕಾರ್ಡಿನಲ್ಲಿ ತೂತು ಹೊಡೆಸಿ ಪುಣೆಗೆ ಕಳಿಸಿದ ಅವಳ ಪ್ರೋಗ್ರಾಮು ಎರಡು ಸಲ ಉತ್ತರವಿಲ್ಲದೆ ವಾಪಸ್ ಬಂದಿತ್ತು. ಇನ್ನೊಮ್ಮೆ ಹಾಗಾದರೆ ಕ್ಲಾಸು ಬಂದ್ ಎಂದು ಅವಳ ಅತ್ತೆ ಹೇಳಿಯಾಗಿತ್ತು.

ಕೆಲಸ ಸಣ್ಣದು. ಒಂದಿಷ್ಟು ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹುಡುಕಬೇಕು. ತಪ್ಪೆಲ್ಲಿ? ನಮ್ಮ ಮಾಸ್ತರರು ಪ್ರೋಗ್ರಾಮಿನ ಹೆಜ್ಜೆಗಳನ್ನು ಚೌಕ, ಬಾಣಗಳಲ್ಲಿ ಬರೆಸುವ ಮನುಷ್ಯ. ಚಿತ್ರ ಬರೆಯದೆ ತಂದರೆ ಹಾಳೆ ಮುಟ್ಟುವುದೇ ಇಲ್ಲ. ನಾನೋ, ಗಟ್ಟಿಯಾಗಿ ಓದಿದರೆ ಮಾತ್ರ ತಿಳಿಯುವವಳು. ಓದಿದೆ, ಚೆನ್ನಾಗಿಯೇ ಇತ್ತು! ಸುವರ್ಣಾಗೆ ಇವೆರಡೂ ಆಗಿಬರುವುದಿಲ್ಲ.

"ನನಗ ಮಂದಿ ಬೇಕ್ರಿ ಅಕ್ಕಾರ. ಯಾರು ಎಲ್ಲಿ ನಿಂತಾರ, ಯಾರ ಕೈಯಾಗ ಏನೈತಿ, ಅದು ಕಣ್ಣಿಗೆ ಕಂಡ್ರ ತಿಳೀತೈತಿ."

ಹಾಗಾಗಿ ಭಾನುವಾರದ ಈ ಆಟ. ಒಳಕೋಣೆಯ ಡಬ್ಬಿಯಲ್ಲಿ ಅಂಕಿ ಬರೆದ ಚೀಟಿಗಳು. ನಾನು ಪ್ರೋಗ್ರಾಮಿನ ಸಾಲು ಓದಿದಂತೆ ಸುವರ್ಣಾ ಒಂದೊಂದೇ ಚೀಟಿ ತರಬೇಕು. ತೂಗುಮಂಚದ ಮೇಲಿನ ಅತ್ತೆ ದೊಡ್ಡ ಅಂಕಿಯನ್ನು ಕೈಯಲ್ಲಿಟ್ಟುಕೊಂಡು ಚಿಕ್ಕದನ್ನು ಎಸೆಯಬೇಕು. ಮೊದಲು ಗೊಣಗಿದರು. ಆಮೇಲೆ ಅವರಿಗೂ ಹುರುಪು ಬಂತು.

ಚೀಟಿಗಳು ಮುಗಿದವು. ಮುಂದಿನ ಸಾಲು "ಮತ್ತ ಹೋಗು" ಎಂದಿತ್ತು, ಓದಿದೆ. ಹೋದಳು, ಬರಿಗೈಯಲ್ಲಿ ಬಂದಳು. ಮತ್ತೆ ಓದಿದೆ. ಮತ್ತೆ ಹೋದಳು.

"ಏ ತಂಗಿ," ಅತ್ತೆ ನನ್ನನ್ನೇ ಗದರಿದರು, "ಚೀಟಿ ಮುಗದು ಎಷ್ಟೊತ್ತಾತು! ಈಕಿ ಕುಂಡ್ರೋದು ಯಾವಾಗಂತ ಅದರಾಗ ಬರದೇ ಇಲ್ಲೇನು?"

ಬರೆದಿರಲಿಲ್ಲ. ತಪ್ಪು ಅದೇ!

ಚೀಟಿ ಮುಗಿದರೆ ನಿಲ್ಲು ಎಂದು ಸುವರ್ಣಾ ಒಂದು ಸಾಲು ಸೇರಿಸಿದಳು. ಮೊನ್ನೆ ಪುಣೆಯಿಂದ ಸರಿಯಾದ ಉತ್ತರ ಬಂತು. ಅತ್ತೆ ಏನೆಂದರು ಎಂದು ಕೇಳಿದೆ.

"ಕ್ಲಾಸಿಗೆ ಹೋಗು ಅಂದಾರ್ರಿ. ರಾತ್ರಿ ಊಟದ ರೊಟ್ಟಿ ಬಡದಿಟ್ಟು ಹೋಗು, ಬಂದು ಎಲ್ಲಾರಿಗೂ ನೀಡು, ಭಾಂಡೆ ತಿಕ್ಕು ಅಂದಾರ." ಹೇಳುತ್ತಲೇ ಆಕಳಿಸಿದಳು. ಅವಳನ್ನು ನೋಡಿ ನಾನೂ ಆಕಳಿಸಿದೆ. ಖುಷಿಪಡಬೇಕಾದ ಸಂಜೆ, ಅಳು ಬಂದಂತಾಯಿತು. (ನನ್ನ ಮನೆಯಲ್ಲೂ ರೊಟ್ಟಿಯ ಹಿಟ್ಟು ನನಗಾಗಿ ಕಾಯುತ್ತಿತ್ತು.)

ಪ್ರೋಗ್ರಾಮಿನಲ್ಲಿ ಸೊಸೆ ಕೂರುವುದು ಯಾವಾಗ ಎಂದು ಕೇಳಿದ ಅತ್ತೆ, ಅದನ್ನೇ ಅಡುಗೆಮನೆಯಲ್ಲಿ ಕೇಳುವುದು ಯಾವಾಗ?